ಬೆಳ್ಳಿಯ ಉಪ್ಪು: ಇಂದುನಗರದಿಂದ ಮೈಸೂರಿನವರೆಗೆ

ಜಾತ್ರೆಗೆ ಎಂಟು ದಿನ ಇರುವಾಗಲೇ ದೇವಸ್ಥಾನಗಳಲ್ಲಿ ಬೆಳ್ಳಿಯ ಕೆಲಸ ಆರಂಭವಾಗುತ್ತದೆ. ಕವಚ, ಪ್ರಭಾವಳಿ, ಛತ್ರಿ, ಆರತಿ ತಟ್ಟೆ, ಪಂಚಪಾತ್ರೆ, ಉದ್ಧರಣೆ ಎಲ್ಲವನ್ನೂ ಪೆಟ್ಟಿಗೆಯಿಂದ ಹೊರಗೆ ತೆಗೆದು, ತೂಕ ನೋಡಿ, ಪುಸ್ತಕದಲ್ಲಿ ಬರೆದು, ಹುಣಸೆಹಣ್ಣು ವಿಭೂತಿ ಹಾಕಿ ತಿಕ್ಕುವುದು ಎಲ್ಲ ಕಡೆಯ ವಾಡಿಕೆ. ಹಿಂದಿನ ವರ್ಷ ಫಳಫಳ ಹೊಳೆಯುತ್ತಿದ್ದ ಕವಚ ಈ ವರ್ಷ ಪೆಟ್ಟಿಗೆ ತೆರೆದಾಗ ಕಪ್ಪಗೆ ಕುಳಿತಿರುತ್ತದೆ. ಬೆಟ್ಟದ ತೇವದ ಗಾಳಿಯಲ್ಲಿ ಈ ಕಪ್ಪು ಬೇಗ ಹತ್ತುತ್ತದೆ. ಗಾಳಿಯಲ್ಲಿರುವ ಅತ್ಯಲ್ಪ ಗಂಧಕದ ಅಂಶ ಬೆಳ್ಳಿಯೊಡನೆ ಸೇರಿ ಸಿಲ್ವರ್ ಸಲ್ಫೈಡ್ ಎಂಬ ಕಪ್ಪು ಪದಾರ್ಥವಾಗುವುದೇ ಇದಕ್ಕೆ ಕಾರಣ. ಇದು ಕೊಳೆಯಲ್ಲ, ಬೆಳ್ಳಿಯೇ ಬೇರೆ ರೂಪ ತಾಳಿರುವುದು. ಆದ್ದರಿಂದಲೇ ಪ್ರತಿ ಸಲ ತಿಕ್ಕಿದಾಗಲೂ ದೇವರ ಬೆಳ್ಳಿಯಲ್ಲಿ ಕೂದಲೆಳೆಯಷ್ಟು ತೊಳೆದ ನೀರಿನೊಡನೆ ಹೋಗುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಬಿಸಿನೀರು, ಅಡಿಗೆ ಸೋಡಾ ಹಾಕಿ ಕವಚವು ಪಾತ್ರೆಗೆ ತಾಗುವಂತೆ ಮುಳುಗಿಸಿಟ್ಟರೆ ಕಪ್ಪು ತಿರುಗಿ ಬೆಳ್ಳಿಯೇ ಆಗುತ್ತದೆ, ತೂಕವೂ ಉಳಿಯುತ್ತದೆ ಎಂಬುದನ್ನು ತಿಳಿದವರು ಕಡಿಮೆ.

ಚಿನ್ನಕ್ಕೆ ಈ ಗುಣವಿಲ್ಲ. ಚಿನ್ನ ತನ್ನ ಪಾಡಿಗೆ ತಾನಿರುತ್ತದೆ. ಬೆಳ್ಳಿ ಹಾಗಲ್ಲ, ಗಾಳಿಗೂ ಬೆಳಕಿಗೂ ಬೆವರಿಗೂ ಓಗೊಡುವ ಲೋಹ. ಈ ಗುಣವನ್ನೇ ಹಿಡಿದು ಮನುಷ್ಯನು ಬೆಳ್ಳಿಯಿಂದ ಒಂದು ಉಪ್ಪನ್ನು ಮಾಡಿಕೊಂಡ. ಅದರ ಹೆಸರು ಸಿಲ್ವರ್ ನೈಟ್ರೇಟ್. ಅದರಿಂದ ನಡೆದ ಎರಡು ದೊಡ್ಡ ಕೆಲಸಗಳು ನೀಲಗಿರಿಯ ಜನರಿಗೆ ತೀರ ಹತ್ತಿರದವು. ವೆಲ್ಲಿಂಗ್ಟನ್ನಿನಿಂದ ಹೊರಟು ಅರುವಂಕಾಡು, ಕೇತಿ, ಊಟಿ ದಾಟಿ ಮೈಸೂರು ರಸ್ತೆ ಹಿಡಿದರೆ ಮೊದಲು ಸಿಗುವುದು ಇಂದುನಗರ, ಅದೇ ರಸ್ತೆಯ ಕೊನೆಗೆ ಸಿಗುವುದು ಮೈಸೂರು. ನಂಜನಗೂಡಿಗೂ ಚಾಮುಂಡಿ ಬೆಟ್ಟಕ್ಕೂ ಹೋಗಿಬರುವ ಭಕ್ತಾದಿಗಳು ಎಷ್ಟೋ ಸಲ ಈ ಎರಡು ಸ್ಥಳಗಳನ್ನೂ ಹಾದುಹೋಗಿದ್ದಾರೆ. ಆದರೆ ಎರಡು ಕಡೆಯೂ ಒಂದೇ ಉಪ್ಪಿನ ಕೆಲಸ ಎಂಬುದು ಬಹಳ ಮಂದಿಯ ಗಮನಕ್ಕೆ ಬಂದಿಲ್ಲ.

ಉಪ್ಪು ಹುಟ್ಟಿದ ಬಗೆ

ಬೆಳ್ಳಿ ನೀರಿನಲ್ಲಿ ಕರಗುವುದಿಲ್ಲ, ಹುಣಸೆ ನಿಂಬೆಯ ಹುಳಿಗೂ ಕರಗುವುದಿಲ್ಲ. ಅದನ್ನು ಕರಗಿಸಲು ನೈಟ್ರಿಕ್ ಆಮ್ಲ ಬೇಕು. ಈ ಆಮ್ಲವನ್ನು ಹಿಂದಿನವರು ತೆಗೆದದ್ದು ಗ್ರಂಧಿಗೆ ಅಂಗಡಿಯ ಸಾಮಾನುಗಳಿಂದಲೇ. ಪೆಟ್ಲುಪ್ಪು, ಪಟಿಕ, ಜೊತೆಗೆ ಅನ್ನಭೇದಿ ಮೈಲುತುತ್ತಗಳಂಥ ಒಂದು ಲವಣ, ಇವನ್ನು ಸೇರಿಸಿ ಕಾಯಿಸಿ ಭಟ್ಟಿ ಇಳಿಸಿದರೆ ಹೊಗೆಯಾಡುವ ತೀಕ್ಷ್ಣವಾದ ದ್ರವ ಇಳಿಯುತ್ತದೆ. ಅರಬ್ಬೀ ರಸವಾದಿ ಜಾಬಿರನ ಹೆಸರಿನಲ್ಲಿ ಪ್ರಚಾರಕ್ಕೆ ಬಂದ, ಕ್ರಿ.ಶ. 1300ರ ಸುಮಾರಿನ ಲ್ಯಾಟಿನ್ ಗ್ರಂಥಗಳಲ್ಲಿ ಈ ವಿಧಾನ ಬರೆದಿದೆ. ಚಿನ್ನ ಬೆಳ್ಳಿ ಬೆರೆತ ಗಟ್ಟಿಯನ್ನು ಈ ಆಮ್ಲಕ್ಕೆ ಹಾಕಿದರೆ ಬೆಳ್ಳಿ ಕರಗಿ ಚಿನ್ನ ಅಡಿಯಲ್ಲಿ ಉಳಿಯುತ್ತದೆ. ಅಕ್ಕಸಾಲಿಗರಿಗೆ ಇದು ಇಂದಿಗೂ ನಿತ್ಯದ ಕೆಲಸ. ಅವರ ಲಕ್ಷ್ಯವೆಲ್ಲ ಉಳಿದ ಚಿನ್ನದ ಮೇಲೆ. ಕರಗಿದ ದ್ರವವನ್ನು ಇಂಗಿಸಿ ನೋಡಿದವರಿಗೆ ಸಿಕ್ಕಿದ್ದು ಬಣ್ಣವಿಲ್ಲದ ತೆಳು ಹಾಳೆಯಂಥ ಹರಳುಗಳು. ಅದೇ ಬೆಳ್ಳಿಯ ಉಪ್ಪು.

13ನೆಯ ಶತಮಾನದ ಆಲ್ಬರ್ಟಸ್ ಮ್ಯಾಗ್ನಸ್ ಎಂಬ ಕ್ರೈಸ್ತ ಪಂಡಿತನು ಈ ದ್ರವ ಚರ್ಮಕ್ಕೆ ತಾಗಿದರೆ ಕಪ್ಪು ಕಲೆ ನಿಲ್ಲುತ್ತದೆ, ತೊಳೆದರೂ ಹೋಗುವುದಿಲ್ಲ ಎಂದು ಬರೆದಿಟ್ಟ. ಏಳು ನೂರು ವರ್ಷಗಳ ಮೇಲೆ ಮೈಸೂರಿಗೆ ಉಪಯೋಗಕ್ಕೆ ಬಂದದ್ದು ಇದೇ ಮಾತು. ಇಟಲಿಯ ಏಂಜೆಲೊ ಸಾಲ ಎಂಬ ವೈದ್ಯನು 1614ರಲ್ಲಿ ಇದರ ಪುಡಿಯನ್ನು ಬಿಸಿಲಿಗಿಟ್ಟರೆ ಮಸಿಯಂತೆ ಕಪ್ಪಾಗುತ್ತದೆ ಎಂದು ತಿಳಿಸಿದ. ರಸವಾದಿಗಳು ಬೆಳ್ಳಿಯನ್ನು ಚಂದ್ರನೆಂದು ಕರೆಯುತ್ತಿದ್ದುದರಿಂದ ಈ ಉಪ್ಪಿಗೆ ಯುರೋಪಿನಲ್ಲಿ ಚಂದ್ರನ ಹೆಸರೇ ನಿಂತಿತು. ಭಾರತದ ರಸಶಾಸ್ತ್ರದಲ್ಲಿಯೂ ಬೆಳ್ಳಿಗೆ ಚಂದ್ರನ ಹೆಸರುಂಟು. ‘ಲೂನಾರ್ ಕಾಸ್ಟಿಕ್’ ಎಂದರೆ ಈ ಉಪ್ಪನ್ನೇ ಕರಗಿಸಿ ಎರೆದ ಕಡ್ಡಿ. ನರಹುಲಿ ಸುಡಲು, ಕೀವಿನ ಗಾಯ ಒಣಗಿಸಲು ಡಾಕ್ಟರುಗಳು ಅದನ್ನು ಬಳಸುತ್ತಿದ್ದರು. ಜರ್ಮನಿಯ ಕ್ರೇಡೆ ಎಂಬ ವೈದ್ಯನು 1880ರ ಸುಮಾರಿಗೆ ಆಗ ತಾನೇ ಹುಟ್ಟಿದ ಕೂಸುಗಳ ಕಣ್ಣಿಗೆ ಇದರ ತೆಳುವಾದ ದ್ರಾವಣವನ್ನು ಒಂದೊಂದು ಹನಿ ಬಿಡುವ ಪದ್ಧತಿ ತಂದು, ಹೆರಿಗೆಯಲ್ಲಿ ತಾಯಿಯಿಂದ ಅಂಟುತ್ತಿದ್ದ ಸೋಂಕಿನಿಂದ ಕುರುಡಾಗುತ್ತಿದ್ದ ಅಸಂಖ್ಯ ಮಕ್ಕಳ ಕಣ್ಣುಗಳನ್ನು ಉಳಿಸಿದ.

ಕಾರ್ಖಾನೆಯಲ್ಲಿ ಇದನ್ನು ಮಾಡುವ ಕ್ರಮವೂ ಹಳೆಯದೇ, ಶುದ್ಧಿ ಮಾತ್ರ ಹೆಚ್ಚು. ಅಪ್ಪಟ ಬೆಳ್ಳಿಯ ಕಾಳುಗಳನ್ನು ನೀರು ಬೆರೆಸಿದ ನೈಟ್ರಿಕ್ ಆಮ್ಲದಲ್ಲಿ ಹಾಕಿ ಹದವಾಗಿ ಕಾಯಿಸುತ್ತಾರೆ. ಬೆಳ್ಳಿ ನೊರೆಗಟ್ಟಿ ಕರಗುವಾಗ ಕೆಂಗಂದು ಬಣ್ಣದ ಹೊಗೆ ಏಳುತ್ತದೆ. ಅದು ಶ್ವಾಸಕೋಶಕ್ಕೆ ವಿಷ, ಆದ್ದರಿಂದ ಮನೆಯಲ್ಲಿ ಇಂಥ ಪ್ರಯೋಗಕ್ಕೆ ಯಾರೂ ಕೈಹಾಕಬಾರದು. ಆಭರಣದ ಬೆಳ್ಳಿಯಾದರೆ ಅದರಲ್ಲಿರುವ ತಾಮ್ರದಿಂದ ದ್ರವ ನೀಲಿಗೆ ತಿರುಗಿ ಗುಟ್ಟು ರಟ್ಟಾಗುತ್ತದೆ. ಅಪ್ಪಟ ಬೆಳ್ಳಿಯಾದರೆ ತಿಳಿಯಾಗಿರುತ್ತದೆ. ಸೋಸಿ, ಇಂಗಿಸಿ, ಹರಳು ಕಟ್ಟಿಸಿ, ಪುನಃ ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ ಮತ್ತೆ ಹರಳು ಕಟ್ಟಿಸಿ, ಬೆಳಕು ಬೀಳದಂತೆ ಕಂದು ಬಣ್ಣದ ಸೀಸೆಗಳಲ್ಲಿ ತುಂಬುತ್ತಾರೆ. 100 ಗ್ರಾಂ ಬೆಳ್ಳಿಗೆ 157 ಗ್ರಾಂ ಉಪ್ಪು ಬರುತ್ತದೆ. ನಲ್ಲಿಯ ನೀರು ಇದಕ್ಕೆ ಆಗದು. ನಲ್ಲಿ ನೀರಿನಲ್ಲಿರುವ ಎಳ್ಳಷ್ಟು ಅಡಿಗೆ ಉಪ್ಪು ಕೂಡ ಬೆಳ್ಳಿಯೊಡನೆ ಸೇರಿ ಹಾಲಿನಂತೆ ಬೆಳ್ಳಗೆ ಒಡೆಯುತ್ತದೆ. ಬಾವಿಯ ನೀರಿನಲ್ಲಿ ಉಪ್ಪಿನಂಶ ಇದೆಯೋ ಇಲ್ಲವೋ ಎಂದು ನೋಡಲು ಶಾಲೆಗಳಲ್ಲಿ ಮಾಡಿಸುವ ಪರೀಕ್ಷೆ ಇದೇ. ಆ ಬಿಳಿ ಪದಾರ್ಥಕ್ಕೆ ಸಿಲ್ವರ್ ಕ್ಲೋರೈಡ್ ಎಂದು ಹೆಸರು. ಮುಂದಿನ ಕಥೆಯೆಲ್ಲ ನಡೆಯುವುದು ಈ ಬಿಳಿ ಒಡಕಿನ ಮೇಲೆಯೇ.

ನೈಟ್ರಿಕ್ ಆಮ್ಲವೆಂದರೆ ವೆಲ್ಲಿಂಗ್ಟನ್ನಿನವರಿಗೆ ಅಪರಿಚಿತ ವಸ್ತುವೇನಲ್ಲ. 1904ರಲ್ಲಿ ಸ್ಥಾಪನೆಯಾದ ಅರುವಂಕಾಡಿನ ಕಾರ್ಡೈಟ್ ಕಾರ್ಖಾನೆಯಲ್ಲಿ ಮಾಡುವ ಸಿಡಿಮದ್ದಿಗೆ ಮೂಲಾಧಾರವೇ ಅದು. ನೈಟ್ರೋಗ್ಲಿಸರಿನ್ನಿಗೂ ಅದೇ, ಗನ್ ಕಾಟನ್ನಿಗೂ ಅದೇ. ಒಂದೇ ಆಮ್ಲ ಹತ್ತಿಗೆ ಬಿದ್ದರೆ ಮದ್ದಾಗುತ್ತದೆ, ಬೆಳ್ಳಿಗೆ ಬಿದ್ದರೆ ಚಿತ್ರ ಬರೆಯುವ ಉಪ್ಪಾಗುತ್ತದೆ.

ಬೆಳಕು ಬರೆದ ಅಕ್ಷರ

ಬಿಸಿಲಿಗಿಟ್ಟರೆ ಕಪ್ಪಾಗುತ್ತದೆ ಎಂದರೆ ಕಾವಿನಿಂದಲೋ ಬೆಳಕಿನಿಂದಲೋ ಎಂಬುದು ಬಹುಕಾಲ ಇತ್ಯರ್ಥವಾಗಿರಲಿಲ್ಲ. ಜರ್ಮನಿಯ ಯೋಹಾನ್ ಹೈನ್ರಿಕ್ ಶುಲ್ಟ್ಸೆ ಎಂಬ ಉಪಾಧ್ಯಾಯನು ಬೇರೇನನ್ನೋ ಮಾಡಲು ಹೋಗಿ, ಬೆಳ್ಳಿ ಬೆರೆತಿದ್ದ ನೈಟ್ರಿಕ್ ಆಮ್ಲವನ್ನು ಸೀಮೆಸುಣ್ಣದ ಪುಡಿಗೆ ಹಾಕಿದ. ಕಿಟಕಿಯ ಕಡೆ ಮುಖ ಮಾಡಿದ್ದ ಭಾಗ ಮಾತ್ರ ಕಪ್ಪಾಯಿತು. ಒಲೆಯ ಹತ್ತಿರ ಇಟ್ಟು ನೋಡಿದ, ಕಪ್ಪಾಗಲಿಲ್ಲ. ಆಗ ಕಾಗದದಲ್ಲಿ ಅಕ್ಷರಗಳನ್ನು ಕತ್ತರಿಸಿ ಸೀಸೆಗೆ ಅಂಟಿಸಿ ಬಿಸಿಲಿಗಿಟ್ಟ. ಕಾಗದ ತೆಗೆದಾಗ ಸೀಸೆಯೊಳಗಿನ ಸುಣ್ಣದ ಮೇಲೆ ಅದೇ ಅಕ್ಷರಗಳು ಕಪ್ಪಗೆ ಮೂಡಿದ್ದವು! ಸೀಸೆಯನ್ನು ಅಲ್ಲಾಡಿಸಿದರೆ ಎಲ್ಲ ಕಲಸಿಹೋಗುತ್ತಿತ್ತು. ಇದನ್ನು ಅವನು ಪ್ರಕಟಿಸಿದ್ದು 1727ರಲ್ಲಿ. ಬೆಳಕೇ ಬರೆಯುತ್ತದೆ ಎಂಬುದು ಅಂದು ಖಚಿತವಾಯಿತು. ಸ್ವೀಡನ್ನಿನ ಔಷಧಿ ಅಂಗಡಿಗಳಲ್ಲೇ ಜೀವನ ಸವೆಸಿದ ಷೀಲೆ ಎಂಬ ಮಹಾನುಭಾವನು 1777ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೆಳಕು ಬಿದ್ದಾಗ ಉಂಟಾಗುವ ಆ ಕಪ್ಪು ಬೇರೇನೂ ಅಲ್ಲ, ಉಪ್ಪಿನಿಂದ ಬಿಡುಗಡೆಯಾದ ಅತಿ ಸಣ್ಣ ಬೆಳ್ಳಿಯ ಕಣಗಳೇ ಎಂದು ತೋರಿಸಿಕೊಟ್ಟ. ಅಂಗಡಿಯ ಗಲ್ಲೆಯ ಹಿಂದೆ ನಿಂತು ಇಂಥ ಕೆಲಸ ಮಾಡಿದವರು ಲೋಕದಲ್ಲಿ ವಿರಳ.

ಕಷ್ಟವಿದ್ದುದು ಚಿತ್ರ ಮೂಡಿಸುವುದರಲ್ಲಿ ಅಲ್ಲ, ಮೂಡಿದ್ದನ್ನು ಉಳಿಸುವುದರಲ್ಲಿ. ಇಂಗ್ಲೆಂಡಿನ ವೆಜ್‌ವುಡ್, ಡೇವಿ ಎಂಬುವರು 1802ರಲ್ಲಿ ಬೆಳ್ಳಿ ಉಪ್ಪು ಸವರಿದ ಕಾಗದ ಮತ್ತು ತೊಗಲಿನ ಮೇಲೆ ಎಲೆಗಳ ನೆರಳನ್ನು ಹಿಡಿದರು. ಆದರೆ ನೋಡಲು ಬೆಳಕಿಗೆ ತಂದರೆ ಉಳಿದ ಜಾಗವೂ ಕಪ್ಪಾಗುತ್ತಿತ್ತು. ದೀಪದ ಮಬ್ಬಿನಲ್ಲಿ ಕದ್ದು ನೋಡುವ ಪರಿಸ್ಥಿತಿ. ಬೆಳಕು ತಾಗದ ಉಪ್ಪನ್ನು ತೊಳೆದು ತೆಗೆಯುವ ಪದಾರ್ಥ ‘ಹೈಪೊ’. ಅದಕ್ಕೆ ಬೆಳ್ಳಿ ಲವಣವನ್ನು ಕರಗಿಸುವ ಗುಣವಿದೆಯೆಂದು ಹರ್ಷೆಲ್ 1819ರಲ್ಲೇ ಕಂಡುಕೊಂಡಿದ್ದ. 1839ರಲ್ಲಿ ಅದು ಚಿತ್ರದ ಕೆಲಸಕ್ಕೆ ಬಂತು. ಅದೇ ವರ್ಷ ಟಾಲ್ಬಟ್ ಎಂಬ ಇಂಗ್ಲಿಷರವನು ತನ್ನ ವಿಧಾನವನ್ನು ಹೊರಗೆಡಹಿದ. ಆತ ಮಾಡುತ್ತಿದ್ದುದು ಇಷ್ಟೆ. ಒಳ್ಳೆಯ ಕಾಗದವನ್ನು ಮೊದಲು ಅಡಿಗೆ ಉಪ್ಪಿನ ನೀರಿನಲ್ಲಿ ಅದ್ದಿ ಒಣಗಿಸುವುದು, ಅನಂತರ ಅದರ ಮೇಲೆ ಸಿಲ್ವರ್ ನೈಟ್ರೇಟ್ ಸವರುವುದು. ಕಾಗದದ ಮೈಯಲ್ಲೇ ಆ ಬಿಳಿ ಸಿಲ್ವರ್ ಕ್ಲೋರೈಡ್ ಕಟ್ಟಿಕೊಂಡು ಬಿಸಿಲಿಗೆ ಕಪ್ಪಾಗುತ್ತಿತ್ತು. ಉಪ್ಪು ಹತ್ತಿದ ಮೈ, ಅದರ ಮೇಲೆ ಬೆಳ್ಳಿ ಉಪ್ಪು, ಮೇಲಿನಿಂದ ಬಿಸಿಲು: ಈ ಮೂರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ನೀಲಗಿರಿಗೆ ಈ ವಿದ್ಯೆ ಬೇಗನೆ ಬಂತು. ಜಕ್ಕತಲೆಯ ದಂಡಿನ ಠಾಣೆಗೆ 1860ರಲ್ಲಿ ವೆಲ್ಲಿಂಗ್ಟನ್ ಎಂದು ಹೆಸರಿಟ್ಟ ಕೆಲವೇ ವರ್ಷಗಳಲ್ಲಿ ಪೆನ್ ಎಂಬ ಇಂಗ್ಲಿಷ್ ಛಾಯಾಗ್ರಾಹಕನು ಊಟಿಗೆ ಬಂದು ನೆಲೆಸಿ, ಬೆಟ್ಟ, ಬಂಗಲೆ, ತೋದವರ ಮಂದು, ಬಡಗರ ಹಟ್ಟಿ ಎಲ್ಲವನ್ನೂ ಚಿತ್ರ ತೆಗೆದ. ಆ ಕಾಲದಲ್ಲಿ ಗಾಜಿನ ಹಲಗೆಗೆ ಕೊಲೋಡಿಯನ್ ಎಂಬ ಅಂಟನ್ನು ಬಳಿದು, ಸಿಲ್ವರ್ ನೈಟ್ರೇಟ್ ತೊಟ್ಟಿಯಲ್ಲಿ ಅದ್ದಿ, ಹಸಿಯಾಗಿರುವಾಗಲೇ ಚಿತ್ರ ತೆಗೆದು, ಒಣಗುವುದರೊಳಗೆ ತೊಳೆದು ಮುಗಿಸಬೇಕಾಗಿತ್ತು. ಎಂದರೆ ಕತ್ತಲೆಯ ಗುಡಾರ, ಸೀಸೆಗಳು, ನೀರು ಎಲ್ಲವನ್ನೂ ಕೂಲಿಯವರ ತಲೆಯ ಮೇಲೆ ಬೆಟ್ಟ ಹತ್ತಿಸಬೇಕು. ಆ ಹೊರೆ ಹೊತ್ತವರ ಹೆಸರು ಯಾವ ಚಿತ್ರದ ಕೆಳಗೂ ಇಲ್ಲ.

ಈ ಹಸಿ ಕೆಲಸದಿಂದ ಬಿಡುಗಡೆ ಕೊಟ್ಟವನು ಮ್ಯಾಡಾಕ್ಸ್ ಎಂಬ ಇಂಗ್ಲಿಷ್ ವೈದ್ಯ. 1871ರಲ್ಲಿ ಅವನು ಜೆಲಟಿನ್ನಿನಲ್ಲಿ ಸಿಲ್ವರ್ ಬ್ರೋಮೈಡನ್ನು ಕಲಸಿ ಒಣಗಿಸಿಡುವ ಉಪಾಯವನ್ನು ಪ್ರಕಟಿಸಿದ. ಮುಂದೆ ಬಂದ ಫಿಲ್ಮು, ಎಕ್ಸ್‌ರೇ, ಸಿನಿಮಾ ಎಲ್ಲಕ್ಕೂ ಅದೇ ತಳಹದಿ.

ಇಂದುನಗರ

ಭಾರತ ಸರಕಾರವು 1960ರ ನವೆಂಬರಿನಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಂಪನಿಯನ್ನು ಸ್ಥಾಪಿಸಿತು. ಫ್ರಾನ್ಸಿನ ಬೋಷೆ ಕಂಪನಿಯ ತಾಂತ್ರಿಕ ನೆರವಿನಿಂದ ಊಟಿಯ ಹೊರವಲಯದಲ್ಲಿ ಕಾರ್ಖಾನೆ ಎದ್ದು, 1967ರಲ್ಲಿ ಉತ್ಪಾದನೆಗೆ ತೊಡಗಿತು. ಸರಕಿನ ಹೆಸರು ‘ಇಂದು’. ಇಂದು ಎಂದರೆ ಚಂದ್ರ. ರಸವಾದಿಗಳು ಬೆಳ್ಳಿಗೆ ಇಟ್ಟಿದ್ದ ಹೆಸರೇ ಬೆಳ್ಳಿಯ ಕಾರ್ಖಾನೆಗೂ ಬಂದು ಸೇರಿದ್ದು ಒಂದು ಸೋಜಿಗ.

ಬೆಟ್ಟದ ಮೇಲೆ ಇಂಥ ಕಾರ್ಖಾನೆ ಏಕೆ ಎಂದರೆ, ಫಿಲ್ಮಿಗೆ ಧೂಳೇ ಶತ್ರು. ಒಂದು ಕಣ ಧೂಳು ಎಕ್ಸ್‌ರೇ ಫಿಲ್ಮಿನ ಮೇಲೆ ಕುಳಿತರೆ ಡಾಕ್ಟರಿಗೆ ಅದು ಶ್ವಾಸಕೋಶದ ಮಚ್ಚೆಯಂತೆ ಕಾಣಬಹುದು. ತಂಪು ಹವೆ, ನಿರ್ಮಲವಾದ ಗಾಳಿ, ಒಳ್ಳೆಯ ನೀರು ಮೂರೂ ನೀಲಗಿರಿಯಲ್ಲಿ ದೇವರು ಕೊಟ್ಟದ್ದು. ಬಯಲುಸೀಮೆಯಲ್ಲಿ ಇವನ್ನು ಯಂತ್ರ ಇಟ್ಟು ಮಾಡಿಕೊಳ್ಳಬೇಕು.

ಫಿಲ್ಮು ಮಾಡುವ ಕ್ರಮ ಅಡಿಗೆಯನ್ನು ಹೋಲುತ್ತದೆ, ಕತ್ತಲೆಯಲ್ಲಿ ಮಾಡುವ ಅಡಿಗೆ ಎಂಬುದಷ್ಟೇ ವ್ಯತ್ಯಾಸ. ಬೆಚ್ಚಗಿನ ನೀರಿನಲ್ಲಿ ಜೆಲಟಿನ್ ಕರಗಿಸಿ, ಅದಕ್ಕೆ ಪೊಟ್ಯಾಸಿಯಂ ಬ್ರೋಮೈಡ್ ಮತ್ತು ಸ್ವಲ್ಪವೇ ಸ್ವಲ್ಪ ಅಯೋಡೈಡ್ ಹಾಕುತ್ತಾರೆ. ಮೇಲಿನಿಂದ ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಲೆಕ್ಕವಿಟ್ಟು ಎರೆಯುತ್ತಾರೆ. ಬೇಗ ಎರೆದರೆ ಒಂದು ಗುಣ, ನಿಧಾನವಾಗಿ ಎರೆದರೆ ಇನ್ನೊಂದು ಗುಣ. ಬೆಳ್ಳಿ ಬ್ರೋಮೈಡಿನೊಡನೆ ಸೇರಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಾಗಿ ಜೆಲಟಿನ್ನಿನಲ್ಲಿ ತೇಲುತ್ತದೆ. ಹಿಂದೆ ಉಳಿಯುವುದು ಪೊಟ್ಯಾಸಿಯಂ ನೈಟ್ರೇಟ್, ಎಂದರೆ ಅದೇ ಪೆಟ್ಲುಪ್ಪು! ಯಾವ ಪೆಟ್ಲುಪ್ಪಿನಿಂದ ಹಿಂದಿನವರು ಆಮ್ಲ ತೆಗೆದು ಬೆಳ್ಳಿ ಕರಗಿಸಿದರೋ ಅದೇ ಪೆಟ್ಲುಪ್ಪು ಕೊನೆಗೆ ತಿರುಗಿ ಬಂದು ನಿಲ್ಲುತ್ತದೆ. ಅದನ್ನು ತೆಗೆಯಲು ಮಿಶ್ರಣವನ್ನು ತಣ್ಣಗೆ ಗಟ್ಟಿ ಮಾಡಿ, ಶಾವಿಗೆಯಂತೆ ಎಳೆಎಳೆಯಾಗಿ ಒತ್ತಿ ತಣ್ಣೀರಿನಲ್ಲಿ ತೊಳೆಯುವುದು ಹಳೆಯ ಪದ್ಧತಿ. ಆಮೇಲೆ ಮತ್ತೆ ಕರಗಿಸಿ ಹದಕ್ಕೆ ಬೇಯಿಸಿ ಫಿಲ್ಮಿನ ಹಾಳೆಯ ಮೇಲೆ ಒಂದೇ ಸಮನಾಗಿ ಬಳಿಯುತ್ತಾರೆ.

ಜೆಲಟಿನ್ ಎಂದರೆ ದನಗಳ ಮೂಳೆ ಚರ್ಮಗಳನ್ನು ಬೇಯಿಸಿ ತೆಗೆಯುವ ಅಂಟು. ಶುದ್ಧ ಸಸ್ಯಾಹಾರಿಗಳಾದ ಭಕ್ತರಿಗೆ ಈ ಮಾತು ಇರುಸುಮುರುಸು ಉಂಟುಮಾಡಬಹುದು. ಆದರೆ ಉತ್ಸವಮೂರ್ತಿಯ ಫೋಟೋ ತೆಗೆಸಿ ಕಟ್ಟು ಹಾಕಿಸಿ ಪೂಜೆಯ ಕೋಣೆಯಲ್ಲಿ ಇಟ್ಟುಕೊಂಡಿರುವ ಯಾರ ಮನೆಯೂ ಇದಕ್ಕೆ ಹೊರತಲ್ಲ. ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಒಂದು ತಯಾರಿಕೆಯ ಜೆಲಟಿನ್ನಿನಿಂದ ಚುರುಕಾದ ಫಿಲ್ಮು ಬರುತ್ತಿತ್ತು, ಇನ್ನೊಂದರಿಂದ ಮಂದವಾದದ್ದು ಬರುತ್ತಿತ್ತು, ಕಾರಣ ತಿಳಿಯುತ್ತಿರಲಿಲ್ಲ. ಅಮೆರಿಕದ ಕೊಡಕ್ ಕಂಪನಿಯ ಷೆಪ್ಪರ್ಡ್ ಎಂಬ ವಿಜ್ಞಾನಿಯು 1925ರಲ್ಲಿ ಇದರ ಮೂಲ ಹಿಡಿದ. ಸಾಸಿವೆಯ ಘಾಟಿಗೆ ಕಾರಣವಾದ, ಗಂಧಕ ಸೇರಿದ ಎಣ್ಣೆಯಂಥ ಪದಾರ್ಥಗಳು ಎಳ್ಳಷ್ಟು ಇದ್ದರೆ ಫಿಲ್ಮು ಚುರುಕಾಗುತ್ತದೆ. ದನಗಳು ಸಾಸಿವೆ ಜಾತಿಯ ಗಿಡ ಮೇಯ್ದಿದ್ದರೆ ಅದರ ಅಂಶ ಜೆಲಟಿನ್ನಿಗೆ ಬರುತ್ತದೆ! ಆ ಗಂಧಕವು ಬೆಳ್ಳಿಯ ಹರಳಿನ ಮೇಲೆ ಅತಿ ಸೂಕ್ಷ್ಮವಾದ ಸಿಲ್ವರ್ ಸಲ್ಫೈಡ್ ಚುಕ್ಕೆಗಳನ್ನು ಇಡುತ್ತದೆ, ಬೆಳಕಿನ ಪರಿಣಾಮ ಅಲ್ಲಿ ಬಂದು ನೆಲೆನಿಲ್ಲುತ್ತದೆ. ದೇವರ ಕವಚದ ಮೇಲೆ ಕುಳಿತು ಅರ್ಚಕರಿಗೆ ವರ್ಷವರ್ಷವೂ ಕೆಲಸ ಕೊಡುವ ಕಪ್ಪೇ ಇದು. ಕವಚದಲ್ಲಿ ಅದು ಬೇಡದ್ದು, ಫಿಲ್ಮಿನಲ್ಲಿ ಅದಿಲ್ಲದೆ ಚಿತ್ರದಲ್ಲಿ ಜೀವ ಕಡಿಮೆ.

ಇಂದುನಗರದ ಕಾರ್ಖಾನೆ ಸಿನಿಮಾ ಫಿಲ್ಮು, ಎಕ್ಸ್‌ರೇ ಫಿಲ್ಮು, ಕ್ಯಾಮೆರಾದ ರೋಲು, ಫೋಟೋ ಕಾಗದ ಎಲ್ಲವನ್ನೂ ಮಾಡಿತು. ಬಡಗರು, ತಮಿಳರು, ಮಲೆಯಾಳಿಗಳು, ಕನ್ನಡಿಗರು ಸೇರಿ ಸಾವಿರಾರು ಸಂಸಾರಗಳು ಅದರ ಅನ್ನ ಉಂಡವು. ಕತ್ತಲೆಯ ಕೋಣೆಗಳಲ್ಲಿ ಕೈಯ ಅಂದಾಜಿನಿಂದಲೇ ಕೆಲಸ ಮಾಡುವುದು ಕಲಿಯಲು ವರ್ಷಗಳು ಬೇಕು. ಸಿಲ್ವರ್ ನೈಟ್ರೇಟ್ ಸಿಡಿದು ಬೆರಳು ಕಪ್ಪಾಗುವುದೂ ಅಂಥ ಕೆಲಸದಲ್ಲಿ ಸಾಮಾನ್ಯ. 1990ರ ದಶಕದ ಆರಂಭದಲ್ಲಿ ಪಾಲಿಯೆಸ್ಟರ್ ಹಾಳೆಯ ಎಕ್ಸ್‌ರೇ ಫಿಲ್ಮಿಗಾಗಿ ಭಾರಿ ಸಾಲ ಮಾಡಿ ಹೊಸ ಘಟಕ ಕಟ್ಟಿದರು. ಅದೇ ವೇಳೆಗೆ ಆಮದಿನ ಬಾಗಿಲು ತೆರೆದು ಪರದೇಶದ ಅಗ್ಗದ ಮಾಲು ಒಳಗೆ ಬಂತು. ಸಾಲದ ಬಡ್ಡಿ ಬೆಳೆಯಿತು, ಕಂಪನಿ ರೋಗಗ್ರಸ್ತ ಉದ್ಯಮಗಳ ಪಟ್ಟಿಗೆ ಸೇರಿತು. ಇನ್ನೇನು ಚೇತರಿಸಬಹುದು ಎನ್ನುವಷ್ಟರಲ್ಲಿ ಬೆಳ್ಳಿಯೇ ಬೇಕಿಲ್ಲದ ಡಿಜಿಟಲ್ ಕ್ಯಾಮೆರಾ ಬಂತು. 2014ರಲ್ಲಿ ಕೇಂದ್ರ ಸರಕಾರವು ಉಳಿದ ನೌಕರರಿಗೆ ಸ್ವಯಂ ನಿವೃತ್ತಿ ಕೊಟ್ಟು ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಕೈಗೊಂಡಿತು. ಕಾಲಕ್ಕೆ ತಕ್ಕಂತೆ ಬದಲಾಗಲಿಲ್ಲ ಎಂದು ಹೊರಗಿನವರು ಹೇಳುವುದು ಸುಲಭ. ಕಾಲಕ್ಕೆ ತಕ್ಕಂತೆ ಬದಲಾಗಲೆಂದೇ ಮಾಡಿದ ಸಾಲ ಅದು ಎಂಬುದನ್ನೂ ಹೇಳಬೇಕಾಗುತ್ತದೆ.

ಆ ಕಾಲದ ಕಪ್ಪು ಬಿಳುಪು ಚಿತ್ರಗಳು ಭಕ್ತರ ಮನೆಗಳಲ್ಲಿ ಇನ್ನೂ ಇವೆ. ತೇರು, ಪಲ್ಲಕ್ಕಿ, ಅನ್ನಸಂತರ್ಪಣೆಯ ಸಾಲುಪಂಕ್ತಿ, ಈಗಿಲ್ಲದ ಹಿರಿಯರು, ಎಲ್ಲರೂ ಆ ಕಾಗದದಲ್ಲಿ ಬೆಳ್ಳಿಯ ಕಣಗಳಾಗಿ ಕುಳಿತಿದ್ದಾರೆ. ಕೆಲವು ಚಿತ್ರಗಳು ಈಗಲೂ ನಿಚ್ಚಳವಾಗಿವೆ, ಕೆಲವು ಹಳದಿಗೆ ತಿರುಗಿ ಮುಖ ಗುರುತು ಸಿಗದಂತಾಗಿವೆ. ಹಳದಿಯಾದವುಗಳಲ್ಲಿ ಬಹುಪಾಲು ಸ್ಟುಡಿಯೋದಲ್ಲಿ ಅವಸರದಿಂದ ತೊಳೆದವು. ಹೈಪೊ ಪೂರ್ತಿ ಹೋಗದೆ ಉಳಿದರೆ ಅದರಲ್ಲಿರುವ ಗಂಧಕ ವರ್ಷಗಟ್ಟಲೆ ನಿಧಾನವಾಗಿ ಬೆಳ್ಳಿಯನ್ನು ತಿನ್ನುತ್ತದೆ. ಹತ್ತು ನಿಮಿಷ ಹೆಚ್ಚು ತೊಳೆದಿದ್ದರೆ ಅಜ್ಜನ ಮುಖ ಉಳಿಯುತ್ತಿತ್ತು. ಉಪಯೋಗಿಸಿದ ಹೈಪೊ ನೀರಿನಲ್ಲಿಯೂ ಹಳೆಯ ಎಕ್ಸ್‌ರೇ ಹಾಳೆಗಳಲ್ಲಿಯೂ ಬೆಳ್ಳಿ ಇರುವುದರಿಂದ ಅವನ್ನು ಕೊಂಡು ಬೆಳ್ಳಿ ತೆಗೆಯುವ ವ್ಯಾಪಾರವೇ ಬೇರೆ ನಡೆಯುತ್ತಿತ್ತು. ಯಾರದೋ ಎದೆಗೂಡಿನ ಚಿತ್ರವಾಗಿದ್ದ ಬೆಳ್ಳಿ ಕರಗಿ, ಇನ್ನಾವುದೋ ಊರಿನ ದೇವರ ಕಿರೀಟ ಆಗಿರಲೂಬಹುದು.

ಮೈಸೂರಿನ ಶಾಯಿ

ಇಂದುನಗರದಿಂದ ಅದೇ ರಸ್ತೆಯಲ್ಲಿ ಬಂಡೀಪುರ, ಗುಂಡ್ಲುಪೇಟೆ, ನಂಜನಗೂಡು ದಾಟಿದರೆ ಮೈಸೂರು. ನಾಲ್ವಡಿ ಕೃಷ್ಣರಾಜ ಒಡೆಯರವರು 1937ರಲ್ಲಿ ಅಲ್ಲಿ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂಬ ಕಾರ್ಖಾನೆಯನ್ನು ಸ್ಥಾಪಿಸಿದರು. ಕಾಡಿನ ಅರಗಿನಿಂದ ಬಣ್ಣ, ವಾರ್ನಿಷು, ಮುದ್ರೆಯ ಅರಗು ಮಾಡುವುದು ಅದರ ಉದ್ದೇಶ. ಸ್ವಾತಂತ್ರ್ಯ ಬಂದ ಮೇಲೆ ಅದು ಸರಕಾರದ ಕಂಪನಿಯಾಯಿತು. 1989ರಲ್ಲಿ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂದು ಹೆಸರು ಬದಲಾಯಿತು.

ಒಬ್ಬನೇ ಎರಡು ಸಲ ಮತ ಹಾಕದಂತೆ ತಡೆಯಲು ತೊಳೆದರೆ ಹೋಗದ ಗುರುತು ಬೇಕಾಗಿತ್ತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ರಸಾಯನ ವಿಜ್ಞಾನಿಗಳು ಅಂಥ ಶಾಯಿಯನ್ನು ಸಿದ್ಧಪಡಿಸಿದರು. 1962ರ ಮೂರನೆಯ ಮಹಾ ಚುನಾವಣೆಗೆ ಅದನ್ನು ಮಾಡಿಕೊಡುವ ಹೊಣೆ ಮೈಸೂರಿನ ಈ ಕಾರ್ಖಾನೆಗೆ ಬಂತು. ಪೂರ್ತಿ ಪಾಕ ಗುಟ್ಟು, ಆದರೆ ಅದರ ಜೀವಾಳ ಸಿಲ್ವರ್ ನೈಟ್ರೇಟ್ ಎಂಬುದು ಎಲ್ಲರಿಗೂ ತಿಳಿದದ್ದೇ. ಹಚ್ಚಿದ ಕೂಡಲೇ ಕಾಣುವ ನೇರಳೆ ಬಣ್ಣ ಬರಿಯ ಬಣ್ಣ, ಅದು ತೊಳೆದರೆ ಹೋಗುತ್ತದೆ. ನಿಜವಾದ ಗುರುತು ಆಮೇಲೆ ಬರುತ್ತದೆ. ಬೆರಳಿನ ಚರ್ಮದಲ್ಲಿ ಬೆವರಿನ ಉಪ್ಪು ಇದ್ದೇ ಇರುತ್ತದೆ. ಬೆಳ್ಳಿಯ ಉಪ್ಪು ಅದರೊಡನೆ ಸೇರಿ ಚರ್ಮದ ಮೈಯಲ್ಲೇ ಸಿಲ್ವರ್ ಕ್ಲೋರೈಡ್ ಆಗಿ ಕಟ್ಟಿಕೊಳ್ಳುತ್ತದೆ. ಅದು ನೀರಿಗೆ ಕರಗದು, ಸೋಪಿಗೂ ಜಗ್ಗದು. ಮತಗಟ್ಟೆಯಿಂದ ಹೊರಗೆ ಬಂದು ಬಿಸಿಲಿಗೆ ಬಿದ್ದೊಡನೆ ಕಪ್ಪಾಗುತ್ತದೆ. ಉಪ್ಪು ಹತ್ತಿದ ಮೈ, ಬೆಳ್ಳಿಯ ಉಪ್ಪು, ಬಿಸಿಲು! ಟಾಲ್ಬಟ್ಟನ ಕಾಗದದ ಜಾಗದಲ್ಲಿ ಮತದಾರನ ಎಡಗೈ ತೋರುಬೆರಳು ಇದೆ, ಅಷ್ಟೇ ವ್ಯತ್ಯಾಸ. ಚರ್ಮದ ಮೇಲಿನ ಗುರುತು ಕೆಲವು ದಿನಗಳಲ್ಲಿ ಮಾಸಿದರೂ ಉಗುರಿನ ಮೇಲಿನದು ಉಗುರು ಬೆಳೆದು ಕತ್ತರಿಸುವ ತನಕ ಉಳಿಯುತ್ತದೆ.

ಮತಪತ್ರ ಹೋಗಿ ಮತಯಂತ್ರ ಬಂತು, ಮತದಾರರ ಪಟ್ಟಿ ಕಂಪ್ಯೂಟರಿಗೆ ಹೋಯಿತು, ಶಾಯಿ ಮಾತ್ರ ಬದಲಾಗಲಿಲ್ಲ. ಇಪ್ಪತ್ತೈದಕ್ಕೂ ಹೆಚ್ಚು ದೇಶಗಳಿಗೆ ಅದು ಹೋಗಿದೆ. 2016ರಲ್ಲಿ ನೋಟು ರದ್ದಾಗಿ ಬ್ಯಾಂಕುಗಳ ಮುಂದೆ ಸಾಲು ನಿಂತಾಗ, ಒಬ್ಬರೇ ಮತ್ತೆ ಮತ್ತೆ ಬರದಂತೆ ಗುರುತು ಹಾಕಲು ಇದನ್ನೇ ತಂದರು. ಊಟಿಯ ಕಾರ್ಖಾನೆಗೆ ಬೇಕಾಗಿದ್ದುದು ಕೋಟ್ಯಂತರ ರೂಪಾಯಿಯ ಯಂತ್ರ, ವಿದೇಶದ ತಂತ್ರಜ್ಞಾನ, ಓಡುವ ಮಾರುಕಟ್ಟೆ. ಮೈಸೂರಿನದಕ್ಕೆ ಸಣ್ಣ ಸೀಸೆ ಸಾಕು. 10 ಮಿಲಿಲೀಟರಿನ ಒಂದು ಸೀಸೆಯಲ್ಲಿ ಸುಮಾರು 700 ಜನರ ಬೆರಳಿಗೆ ಗುರುತು ಹಾಕಬಹುದು. 2024ರ ಲೋಕಸಭಾ ಚುನಾವಣೆಗೆ ಇಂಥ 26 ಲಕ್ಷಕ್ಕೂ ಹೆಚ್ಚು ಸೀಸೆಗಳು ಮೈಸೂರಿನಿಂದ ಹೊರಟವು.

ಆ ವರ್ಷ ಏಪ್ರಿಲ್ 19ರಂದು ತಮಿಳುನಾಡಿನಲ್ಲಿ ಮತದಾನ. ವೆಲ್ಲಿಂಗ್ಟನ್, ಕೂನೂರು, ಊಟಿ, ಇಂದುನಗರಗಳ ಮತಗಟ್ಟೆಗಳಿಗೂ ಮೈಸೂರಿನ ಶಾಯಿ ಬಂದಿತ್ತು. ಫಿಲ್ಮ್ ಕಾರ್ಖಾನೆಯಿಂದ ನಿವೃತ್ತರಾದವರೂ ಸಾಲಿನಲ್ಲಿ ನಿಂತು ಎಡಗೈ ಚಾಚಿ ಗುರುತು ಹಾಕಿಸಿಕೊಂಡರು.